ಕುಂಡದ ಗುಂಗುರು ಮತ್ತು ಪಕ್ಕದ ಹುಳುಮನೆ

ಪ್ರಶ್ನೆ: ನಮ್ಮದು ಶಿಡ್ಲಘಟ್ಟದ ಬಳಿಯ ಹಳ್ಳಿ. ಮನೆಯ ಹಿಂಭಾಗದಲ್ಲಿ ರೇಷ್ಮೆ ಹುಳು ಸಾಕುತ್ತೇವೆ. ಪಡಸಾಲೆಯಲ್ಲಿ ಮನಿ ಪ್ಲಾಂಟ್, ದೊಡ್ಡಪತ್ರೆ ಸೇರಿ ಹತ್ತು ಕುಂಡಗಳಿವೆ. ಮಳೆ ಹಿಡಿದಾಗಿನಿಂದ ಎಳ್ಳಿನಷ್ಟು ಸಣ್ಣ ಕಪ್ಪು ಹುಳುಗಳು ನೀರು ಹಾಕಿದೊಡನೆ ಮಣ್ಣಿನಿಂದ ಏಳುತ್ತವೆ. ಹುಳುಮನೆಯ ಕಸವನ್ನೇ ಗೊಬ್ಬರವಾಗಿ ಹಾಕಿದ್ದೇನೆ. ಇವು ರೇಷ್ಮೆ ಹುಳುವನ್ನು ಕೊಲ್ಲುವ ಊಜಿ ನೊಣದ ಮರಿಗಳೆಂದು ಅತ್ತೆಯವರು ಹೆದರಿದ್ದಾರೆ. ಔಷಧಿ ಹೊಡೆಯದೆ ಹೋಗಲಾಡಿಸುವುದು ಹೇಗೆ?
– ಓದುಗರೊಬ್ಬರು, ಚಿಕ್ಕಬಳ್ಳಾಪುರ ಜಿಲ್ಲೆ

ಉತ್ತರ: ಅತ್ತೆಯವರಿಗೆ ಧೈರ್ಯ ಹೇಳಿ. ರೆಕ್ಕೆ ಬಂದ ಮೇಲೆ ಯಾವ ನೊಣವೂ ಬೆಳೆಯುವುದಿಲ್ಲವಾದ್ದರಿಂದ ಹಾರಾಡುವ ‘ಊಜಿಯ ಮರಿ’ ಎಂಬುದೇ ಇಲ್ಲ. ಊಜಿ ಮನೆನೊಣಕ್ಕಿಂತ ದೊಡ್ಡದು, ನಿಮ್ಮ ಕುಂಡದಲ್ಲಿರುವುದು ಎರಡು ಮೂರು ಮಿಲಿಮೀಟರಿನ ಗುಂಗುರು. ಆದರೆ ಅವರ ಭಯದಲ್ಲಿ ಅರ್ಧ ಸತ್ಯವಿದೆ. ರೇಷ್ಮೆ ಹುಳುವಿನ ಮೈಯಿಂದ ಹೊರಬಿದ್ದ ಊಜಿಯ ಮರಿಹುಳು ಕಸದಲ್ಲೋ ಮಣ್ಣಿನಲ್ಲೋ ಕೋಶವಾಗುವುದರಿಂದ, ಕೊಳೆಯದ ಕಸವನ್ನು ಮನೆಯೊಳಗಿನ ಕುಂಡಕ್ಕೆ ತರುವುದು ಊಜಿಗೆ ನೀವೇ ಜಾಗ ಮಾಡಿಕೊಟ್ಟಂತೆ. ಗುಂಗುರಿಗಂತೂ ಹಸಿ ಹಿಕ್ಕೆ ಮತ್ತು ಸೊಪ್ಪಿನ ದಂಟಿನ ಮೇಲೆ ಹಿಡಿಯುವ ಬೂಷ್ಟೇ ಮುಖ್ಯ ಆಹಾರ. ಆ ಕಸ ತಿಪ್ಪೆಯಲ್ಲಿ ಪೂರ್ತಿ ಕಳಿತು, ಮಣ್ಣಿನ ವಾಸನೆ ಬರುವವರೆಗೆ ಕುಂಡದ ಹತ್ತಿರ ಸುಳಿಯಬಾರದು.

ಹುಳು ಎಲ್ಲಿದೆಯೆಂದು ಮೊದಲು ಕಣ್ಣಾರೆ ನೋಡಿ. ಆಲೂಗಡ್ಡೆಯನ್ನು ಬಿಲ್ಲೆಯಾಗಿ ಕೊಯ್ದು, ಒಂದೊಂದು ಕುಂಡದ ಮಣ್ಣಿನ ಮೇಲೆ ಒಂದೊಂದನ್ನು ಒತ್ತಿಟ್ಟು, ಎರಡು ದಿನ ಬಿಟ್ಟು ಮಗುಚಿ. ಒಳಗಿನ ಕರುಳು ಕಾಣುವಷ್ಟು ತಿಳಿಯಾದ ಬಿಳಿ ಮೈಯ, ಹೊಳೆಯುವ ಕಪ್ಪು ತಲೆಯ ಸಣ್ಣ ಮರಿಗಳು ಬಿಲ್ಲೆಯ ತಳಕ್ಕೆ ಅಂಟಿಕೊಂಡಿದ್ದರೆ ಅದೇ ರೋಗದ ಕುಂಡ. ಹತ್ತರಲ್ಲಿ ಎರಡೋ ಮೂರೋ ಮಾತ್ರ ಹೀಗಿರುವುದುಂಟು. ದೊಡ್ಡ ಗಿಡಕ್ಕೆ ಇವುಗಳಿಂದ ಹೆಚ್ಚು ಹಾನಿಯಿಲ್ಲ, ಆದರೆ ಎಳೆಯ ಸಸಿಯ ಮತ್ತು ಹೊಸದಾಗಿ ನೆಟ್ಟ ಕಡ್ಡಿಯ ಬೇರನ್ನು ತಿನ್ನುತ್ತವೆ.

ಮದ್ದು ಎಂದರೆ ನೀರು ಹಾಕುವುದನ್ನು ಕಡಿಮೆ ಮಾಡುವುದು. ತಾಯಿ ಹುಳು ಮೇಲಿನ ಒದ್ದೆ ಮಣ್ಣಿನಲ್ಲಿಯೇ ಮೊಟ್ಟೆಯಿಡುತ್ತದೆ, ಮರಿಗಳೂ ಹೆಚ್ಚಾಗಿ ಮೇಲಿನ ಎರಡು ಮೂರು ಅಂಗುಲದಲ್ಲಿಯೇ ಇರುತ್ತವೆ. ಆ ಪದರ ಒಣಗಿದರೆ ಮೊಟ್ಟೆಯೂ ಮರಿಯೂ ಉಳಿಯವು. ದಿನವೂ ಒಂದು ಚೊಂಬು ನೀರು ಹಾಕುವ ಅಭ್ಯಾಸ ಬಿಟ್ಟು, ಬೆರಳನ್ನು ಎರಡನೇ ಗೆಣ್ಣಿನವರೆಗೆ ಚುಚ್ಚಿ, ಒಣಗಿದೆ ಎನಿಸಿದಾಗ ಮಾತ್ರ ಕುಂಡವನ್ನು ನೀರಿನ ತಟ್ಟೆಯಲ್ಲಿ ಅರ್ಧ ಗಂಟೆ ಇಟ್ಟು ತಳದಿಂದ ಕುಡಿಸಿ, ಮಿಕ್ಕ ನೀರನ್ನು ಚೆಲ್ಲಿಬಿಡಿ. ನಮ್ಮ ಕಡೆಯ ಬೋರ್‌ವೆಲ್ ನೀರು ಗಡಸಾದ್ದರಿಂದ ಹೀಗೆ ಮಾಡಿದಾಗ ಮಣ್ಣಿನ ಮೇಲೆ ಬಿಳಿ ಉಪ್ಪು ಕಟ್ಟುತ್ತದೆ. ಹುಳುಗಳ ಕಾಟ ನಿಂತ ಮೇಲೆ ತಿಂಗಳಿಗೊಮ್ಮೆ, ಸಾಧ್ಯವಾದರೆ ಮಳೆನೀರನ್ನೇ, ಮೇಲಿನಿಂದ ಧಾರಾಳವಾಗಿ ಹಾಕಿ ತೊಳೆಯಿರಿ. ಮಣ್ಣಿನ ಮೇಲೆ ಒಂದು ಅಂಗುಲ ಒಣ ಮರಳು ಹರಡುವುದೂ ಒಳ್ಳೆಯದೇ.

ಹಾರುವವುಗಳಿಗೆ ಹಳದಿ ಹಾಳೆಗೆ ಹರಳೆಣ್ಣೆ ಬಳಿದು ಮಣ್ಣಿನ ಮಟ್ಟದಲ್ಲಿ ನಿಲ್ಲಿಸಿ. ಇದು ರೆಕ್ಕೆ ಬಂದ ಹುಳುಗಳನ್ನಷ್ಟೇ ಹಿಡಿಯುತ್ತದೆ, ಮಣ್ಣಿನೊಳಗಿನ ಮರಿಗಳನ್ನಲ್ಲ. ಮೊಟ್ಟೆಯಿಂದ ರೆಕ್ಕೆಯವರೆಗೆ ಗುಂಗುರಿಗೆ ಮೂರು ನಾಲ್ಕು ವಾರ ಬೇಕು, ಅಂದರೆ ಹೆಚ್ಚುಕಡಿಮೆ ಚಾಕಿಯಿಂದ (ಎಳೆಯ ರೇಷ್ಮೆ ಹುಳುವಿನ ಹಂತ) ಗೂಡಿನವರೆಗೆ ನಿಮಗೆ ಹಿಡಿಯುವಷ್ಟೇ ದಿನ. ಒಂದು ಬೆಳೆಯ ಕಾಲ ಈ ಕ್ರಮವನ್ನು ಬಿಡದೆ ನಡೆಸಿ.

ಬೇರೆ ಮನೆಯವರಾಗಿದ್ದರೆ ಬೇವಿನೆಣ್ಣೆ ಸಿಂಪಡಿಸಿ ಎನ್ನುತ್ತಿದ್ದೆ, ನಿಮಗೆ ಹೇಳಲಾರೆ. ಬೇವಿನ ಕಹಿಸತ್ವ ಕೀಟಗಳ ಪೊರೆ ಬಿಡುವ ಕ್ರಿಯೆಯನ್ನೇ ಕೆಡಿಸುತ್ತದೆ, ಪೊರೆ ಬಿಡಲು ಜ್ವರಕ್ಕೆ ಕೂತ ರೇಷ್ಮೆ ಹುಳುವೆಂದೂ ಅದು ಭೇದ ಮಾಡುವುದಿಲ್ಲ. ತಂಬಾಕಿನ ಕಷಾಯವಂತೂ ಬೇಡವೇ ಬೇಡ, ಅದೂ ‘ನೈಸರ್ಗಿಕ’ ಎಂದು ಯಾರಾದರೂ ಹೇಳಿಕೊಟ್ಟಾರು. ಅಂಗಡಿಗಳಲ್ಲಿ ಸಿಗುವ ‘ಬಿಟಿ’ (ಬ್ಯಾಸಿಲಸ್ ಥುರಿಂಜಿಯೆನ್ಸಿಸ್ ಎಂಬ, ಕೀಟಗಳನ್ನು ಕೊಲ್ಲುವ ಬ್ಯಾಕ್ಟೀರಿಯಾ) ಜೈವಿಕ ಪುಡಿಯ ವಿಷಯದಲ್ಲಿಯೂ ಎಚ್ಚರ ಬೇಕು. ಈ ಬ್ಯಾಕ್ಟೀರಿಯಾವನ್ನು 1901ರಲ್ಲಿ ಜಪಾನಿನ ವಿಜ್ಞಾನಿ ಇಶಿವಾಟಾ ಮೊದಲು ಪತ್ತೆಹಚ್ಚಿದ್ದೇ ಕಾಯಿಲೆ ಬಿದ್ದ ರೇಷ್ಮೆ ಹುಳುಗಳಲ್ಲಿ. ಸೊಳ್ಳೆ ಮತ್ತು ಗುಂಗುರಿನ ಮರಿಗಳಿಗೆಂದೇ ಇರುವ ‘ಇಸ್ರೇಲೆನ್ಸಿಸ್’ ಎಂಬ ಬಗೆ ಬೇರೆಯಾದರೂ, ಅಂಗಡಿಯವರು ಕಂಬಳಿಹುಳಗಳನ್ನು ಕೊಲ್ಲುವ ಬಗೆಯ ಪೊಟ್ಟಣವನ್ನು ಕೊಟ್ಟುಬಿಟ್ಟರೆ ಗುಂಗುರು ಉಳಿದು ನಿಮ್ಮ ಬೆಳೆ ಹೋದೀತು.

ಪ್ರಶ್ನೆ: ವಿನೆಗರ್ ಬಟ್ಟಲಿಟ್ಟರೂ ನನ್ನ ಕುಂಡದ ಹುಳುಗಳು ಬೀಳುತ್ತಿಲ್ಲ. ಬರೀ ತೆಂಗಿನ ನಾರಿನ ಪುಡಿಯಲ್ಲಿ ಗಿಡ ಬೆಳೆಸಿದ್ದೇನೆ.
– ಓದುಗರೊಬ್ಬರು, ತುಮಕೂರು

ಉತ್ತರ: ವಿನೆಗರ್‌ಗೆ ಬೀಳುವುದು ಮಾಗಿದ ಬಾಳೆಹಣ್ಣಿನ ಮೇಲೆ ಕೂರುವ ಹಣ್ಣಿನ ನೊಣ, ಕುಂಡದ್ದಲ್ಲ. ನಾರಿನ ಪುಡಿ ಮೇಲೆ ಒಣಗಿದಂತೆ ಕಂಡರೂ ಒಳಗೆ ಹಿಂಡಿದರೆ ನೀರು ಬರುವಷ್ಟು ಒದ್ದೆಯಿರುವುದರಿಂದ ಕಣ್ಣಳತೆ ಸಾಲದು. ಕುಂಡ ಎತ್ತಿ ತೂಕ ನೋಡಿ, ಹಗುರಾದಾಗ ನೀರು ಹಾಕಿ. ಮುಂದಿನ ಸಲ ಕುಂಡ ಬದಲಿಸುವಾಗ ಅದಕ್ಕೆ ಅರ್ಧದಷ್ಟು ಕೆಮ್ಮಣ್ಣು ಮತ್ತು ದಪ್ಪ ಮರಳು ಬೆರೆಸಿಕೊಳ್ಳಿ.