ಮಳೆಗಾಲದ ಬೂಸ್ಟಿಗೆ ಒಂದು ಬಕೆಟ್ ನೀರಿಗೆ ಟೀ ಟ್ರೀ ಎಣ್ಣೆ ಎಷ್ಟು ಹನಿ ಹಾಕಬೇಕು? ಮನೆಯಲ್ಲಿ ಬೆಕ್ಕು, ಚಿಕ್ಕ ಮಗು ಇದೆ

ನಿಮ್ಮ ಪ್ರಶ್ನೆ ಓದಿ ಎರಡು ನಿಮಿಷ ಸುಮ್ನೆ ಕೂತುಬಿಟ್ಟೆ. ಗೋಡೆಗೆ ಬೂಸ್ಟು, ಫಿನಾಯಿಲ್ ಬೇಡ ಅಂತ ತಂದ ಟೀ ಟ್ರೀ ಎಣ್ಣೆ, ಓಡಾಡುವ ಬೆಕ್ಕು. ಎರಡು ಸಲ ಒರೆಸಿದರೂ ಬೂಸ್ಟು ಹೋಗಿಲ್ಲ, ಹನಿ ಜಾಸ್ತಿ ಮಾಡಬೇಕಾ ಅಂತ ಕೇಳಿದ್ದೀರಿ. ಅಂಬೆಗಾಲಿಡುವ ಮಗು ಒಂದನ್ನು ಬಿಟ್ಟರೆ ಇದು 2019ರ ಆಗಸ್ಟ್‌ನಲ್ಲಿ ನಮ್ಮ ಮನೆಯೇ.

ದಯವಿಟ್ಟು ಹನಿ ಜಾಸ್ತಿ ಮಾಡಬೇಡಿ. ಮೊದಲು ನನ್ನ ಕಥೆ ಓದಿ.

ನಮ್ಮದು ತೀರ್ಥಹಳ್ಳಿ ಕಡೆಯ ಹಳೇ ಮನೆ. ಆ ವರ್ಷ ಆಗಸ್ಟ್ ಮೊದಲ ವಾರದ ಮಳೆ ಹೇಗಿತ್ತು ಅಂತ ಮಲೆನಾಡಿನವರಿಗೆ ನಾನು ಹೇಳಬೇಕಿಲ್ಲ. ಕರೆಂಟಿಲ್ಲ, ಬಿಸಿಲಿಲ್ಲ, ಕಿಟಕಿ ತೆಗೆಯುವ ಹಾಗಿಲ್ಲ. ರೆಡ್ ಆಕ್ಸೈಡ್ ನೆಲ ಬೆವರುತ್ತಿತ್ತು. ಬೀರುವಿನ ಹಿಂದಿನ ಗೋಡೆ ಹಸಿರಾಗಿತ್ತು. ನಮ್ಮವರ ಬೆಲ್ಟಿನ ಮೇಲೆ ಬಿಳಿ ಪುಡಿ ಉದುರಿಸಿದ ಹಾಗೆ ಬೂಸ್ಟು ಬಂದಿತ್ತು.

ಮೊದಲೆಲ್ಲ ನೆಲಕ್ಕೆ ಫಿನಾಯಿಲ್ ಹಾಕುತ್ತಿದ್ದೆ. ಬೆಂಗಳೂರಿನಲ್ಲಿರುವ ನನ್ನ ತಂಗಿ, "ಅಕ್ಕಾ, ಬೆಕ್ಕಿಗೆ ಫಿನಾಯಿಲ್ ಆಗಲ್ಲ ಕಣೇ" ಅಂದಳು. ಅದು ನಿಜ. ಫೀನಾಲ್ ಜಾತಿಯ ರಾಸಾಯನಿಕ ಬೆಕ್ಕಿನ ಮೈಗೆ ವಿಷ. ನಮ್ಮ ಬೆಕ್ಕು ಚಿನ್ನಿಗೆ ಆಗ ಮೂರು ವರ್ಷ. ಅದರ ಸಲುವಾಗಿಯೇ ನಾನು ಫಿನಾಯಿಲ್ ಬಿಟ್ಟು ಟೀ ಟ್ರೀ ಎಣ್ಣೆ ತರಿಸಿದ್ದು. 15 ಎಂಎಲ್ ಕಂದು ಬಾಟಲಿ, ನೂರಕ್ಕೆ ನೂರು ಶುದ್ಧ ಅಂತ ಬರೆದಿತ್ತು. ಬೆಕ್ಕಿನ ಬಗ್ಗೆ ಒಂದು ಅಕ್ಷರ ಇರಲಿಲ್ಲ. ಎಲೆಯಿಂದ ತೆಗೆದ ಎಣ್ಣೆ ತಾನೇ, ನಮ್ಮ ನೀಲಗಿರಿ ಎಣ್ಣೆ ಇದ್ದ ಹಾಗೆ, ಇದರಿಂದ ಏನಾಗುತ್ತೆ ಅಂದುಕೊಂಡೆ. ನೀಲಗಿರಿ ಎಣ್ಣೆಯೂ ಬೆಕ್ಕಿಗೆ ಆಗುವುದಿಲ್ಲ ಅಂತ ಆಗ ಗೊತ್ತಿರಲಿಲ್ಲ.

ಈಗ ನಾನು ಮಾಡಿದ ತಪ್ಪು ಹೇಳುತ್ತೇನೆ. ಸ್ವಲ್ಪ ಉದ್ದವಾಗುತ್ತೆ, ಆದರೆ ನೀವೂ ಇದನ್ನೇ ಮಾಡುತ್ತಿದ್ದೀರಿ ಅನಿಸುತ್ತೆ, ಹಾಗಾಗಿ ಬಿಡಿಸಿಯೇ ಹೇಳಬೇಕು.

ಮೊದಲ ದಿನ ಅರ್ಧ ಬಕೆಟ್ ನೀರಿಗೆ ಹತ್ತು ಹನಿ ಹಾಕಿದೆ. ಘಮ ಬಂತು, ಬೂಸ್ಟು ಹೋಗಲಿಲ್ಲ. ಮೂರನೇ ದಿನ ಬೇಜಾರಾಗಿ ಬಾಟಲಿಯಲ್ಲಿ ಉಳಿದಿದ್ದನ್ನೆಲ್ಲ ಸುರಿದೆ. ಬರೀ ನೀರಿಗೆ. ಸೋಪಿಲ್ಲ, ಏನಿಲ್ಲ. ಬಕೆಟ್ ಒಳಗೆ ನೋಡಿದರೆ ಸಾರಿನ ಮೇಲೆ ಒಗ್ಗರಣೆ ತೇಲುವ ಹಾಗೆ ಎಣ್ಣೆಯ ಸಣ್ಣ ಸಣ್ಣ ಕಣ್ಣುಗಳು ಓಡಾಡುತ್ತಿದ್ದವು. ಕೋಲು ಹಾಕಿ ತಿರುಗಿಸಿದೆ. ಒಂದು ಕ್ಷಣ ಮಾಯವಾದವು, ಮತ್ತೆ ಬಂದು ಮೇಲೆ ನಿಂತವು. ಕಣ್ಣೆದುರೇ ಕಾಣುತ್ತಿತ್ತು. ಆದರೂ ಅದರ ಅರ್ಥ ತಲೆಗೆ ಹೋಗಲಿಲ್ಲ.

ಅರ್ಥ ಇಷ್ಟೇ. ಎಣ್ಣೆ ನೀರಿನಲ್ಲಿ ಕರಗುವುದಿಲ್ಲ. ಐದು ಲೀಟರ್ ನೀರಿಗೆ ಹತ್ತು ಎಂಎಲ್ ಹಾಕಿದರೆ ತೀರಾ ತೆಳು ಆಗುತ್ತೆ ಅಂತ ನಾವು ಲೆಕ್ಕ ಹಾಕುತ್ತೇವೆ. ಅದು ಬೆರೆತರೆ ಮಾತ್ರ. ಬೆರೆಯದಿದ್ದರೆ ಆ ಹತ್ತು ಎಂಎಲ್ ಹಾಗೇ, ಅಷ್ಟೇ ಗಟ್ಟಿಯಾಗಿ, ನೀರಿನ ಮೇಲೆ ಪದರದ ಹಾಗೆ ನಿಂತಿರುತ್ತೆ. ಒರೆಸುವ ಬಟ್ಟೆಯನ್ನು ಅದ್ದಿ ಮೇಲೆ ಎತ್ತುವಾಗ ಬಟ್ಟೆ ಆ ಪದರದ ಮೂಲಕವೇ ಬರಬೇಕು. ಬರುವಾಗ ಎಣ್ಣೆಯನ್ನೆಲ್ಲ ಬಳಿದುಕೊಂಡು ಬರುತ್ತೆ. ಅಂದರೆ ಮನೆಗೆಲ್ಲ ಹರಡಿಕೊಳ್ಳಬೇಕಾದ ಎಣ್ಣೆಯ ಬಹುಪಾಲು ಮೊದಲ ಕೆಲವು ಅದ್ದುವಿಕೆಯಲ್ಲೇ ನೆಲಕ್ಕೆ ಬಂತು. ನಾನು ಮೊದಲು ಒರೆಸಿದ್ದು ಬೀರು ಇರುವ ಕೋಣೆ. ಚಿನ್ನಿ ಮಲಗುವುದು ಬೀರುವಿನ ಪಕ್ಕ, ಅದೇ ನೆಲದ ಮೇಲೆ.

ನೆಲ ಒಣಗಲೂ ಇಲ್ಲ. ಫ್ಯಾನಿಲ್ಲ, ಕಿಟಕಿ ಮುಚ್ಚಿತ್ತು. ಬೆಕ್ಕು ಒದ್ದೆ ನೆಲದ ಮೇಲೆ ನಡೆಯಿತು, ಮಲಗಿತು, ಎದ್ದು ಕೂತು ಕಾಲು ನೆಕ್ಕಿಕೊಂಡಿತು. ಬೆಕ್ಕು ದಿನವಿಡೀ ಮಾಡುವುದೇ ಅದು, ಅಲ್ವಾ? ಮೈಗೆ ಏನು ತಾಗಿದರೂ ಅದು ಹೊಟ್ಟೆಗೆ ಹೋಗುತ್ತೆ. ನೆಲಕ್ಕೆ ಹಾಕಿದ್ದನ್ನು ನಾನು ಅದರ ತಟ್ಟೆಗೆ ಹಾಕಿದ ಹಾಗೆಯೇ ಆಯಿತು.

ಒರೆಸಿದ್ದು ಹನ್ನೊಂದು ಗಂಟೆಗೆ. ಸಂಜೆ ನಾಲ್ಕಕ್ಕೆ ಹಾಲು ಇಟ್ಟರೆ ಚಿನ್ನಿ ಬರಲಿಲ್ಲ. ಬಾಯಿಂದ ಜೊಲ್ಲು ನೂಲಿನ ಹಾಗೆ ಇಳಿಯುತ್ತಿತ್ತು. ಎಬ್ಬಿಸಿದರೆ ಮುಂದಿನ ಕಾಲು ಎದ್ದಿತು, ಹಿಂದಿನ ಕಾಲು ಏಳಲಿಲ್ಲ. ಎರಡು ಹೆಜ್ಜೆ ಹಿಂದಿನ ಅರ್ಧ ಮೈಯನ್ನು ಎಳೆದುಕೊಂಡು ಬಂದು ಬಿತ್ತು. ಮೈ ತಣ್ಣಗಾಗಿತ್ತು, ಸಣ್ಣಗೆ ನಡುಗುತ್ತಿತ್ತು. ಹಾವು ಕಚ್ಚಿತೇನೋ ಅಂದರು ಅತ್ತೆ. ನಮಗೂ ಹಾಗೇ ಅನಿಸಿತು.

ಗೋಣಿಚೀಲ ಸುತ್ತಿ, ಬುಟ್ಟಿಯಲ್ಲಿಟ್ಟು, ಆ ಮಳೆಯಲ್ಲೇ ಪೇಟೆಗೆ ಕರೆದುಕೊಂಡು ಹೋದೆವು. ನಮ್ಮ ಕಡೆ ದನದ ಡಾಕ್ಟರು ಅಂತಲೇ ಕರೆಯುವುದು. ಅವರು ಹಾವಿನ ಗಾಯ ಹುಡುಕಲಿಲ್ಲ. ಮೊದಲು ಅದರ ಅಂಗಾಲನ್ನು ಮೂಗಿನ ಹತ್ತಿರ ಹಿಡಿದರು.

"ಏನಮ್ಮಾ, ಇದಕ್ಕೆ ಏನು ಹಚ್ಚಿದ್ರಿ?"

"ಏನೂ ಹಚ್ಚಿಲ್ಲ ಸಾರ್."

"ಮನೆ ಯಾವುದರಲ್ಲಿ ಒರೆಸಿದ್ರಿ?"

ಆಗ ನನಗೆ ಎದೆ ಧಸಕ್ಕೆಂದಿತು.

ವಾಂತಿ ಮಾಡಿಸಲಿಲ್ಲ. ಇಂಥ ಎಣ್ಣೆ ವಾಂತಿಯ ಜೊತೆ ಶ್ವಾಸಕೋಶಕ್ಕೆ ಹೋದರೆ ಇನ್ನೂ ಕಷ್ಟವಂತೆ. ಪಾತ್ರೆ ತೊಳೆಯುವ ಲಿಕ್ವಿಡ್ ತರಿಸಿ, ಬೆಚ್ಚಗಿನ ನೀರಿನಲ್ಲಿ ಕಾಲು, ಹೊಟ್ಟೆ, ಬಾಲ ಎಲ್ಲ ಎರಡು ಸಲ ತೊಳೆದರು. ಒರೆಸಿ, ಬೆಚ್ಚಗೆ ಮಾಡಿ, ಡ್ರಿಪ್ ಹಾಕಿದರು. ಮೂರು ದಿನ ಓಡಾಡಿದೆವು. ಮೂರನೇ ದಿನ ಸಂಜೆ ಬುಟ್ಟಿಯಿಂದ ತಾನೇ ಇಳಿದು, ಸ್ವಲ್ಪ ವಾಲಿಕೊಂಡು, ಅತ್ತೆಯ ಕಾಲ ಹತ್ತಿರ ಹೋಗಿ ಕೂತಿತು.

ಬೆಕ್ಕಿಗೇ ಯಾಕೆ ಹೀಗೆ ಅಂತ ಆಮೇಲೆ ತಿಳಿದುಕೊಂಡೆ. ಇಂಥ ಎಣ್ಣೆ ಮೈಗೆ ಸೇರಿದರೆ ಅದನ್ನು ಮೈಯಲ್ಲೇ ತಯಾರಾಗುವ ಗ್ಲುಕುರಾನಿಕ್ ಆಮ್ಲದ ಜೊತೆ ಜೋಡಿಸಿ ಹೊರಗೆ ಹಾಕುವ ಕೆಲಸ ಲಿವರ್‌ನದು. ಬೆಕ್ಕಿನ ಲಿವರ್‌ನಲ್ಲಿ ಆ ಕೆಲಸ ಮಾಡುವ ಕಿಣ್ವ ಬಹಳ ಕಡಿಮೆ. ಬೆಕ್ಕಿಗೆ ಪ್ಯಾರಾಸಿಟಮಾಲ್ ಕೊಡಬಾರದು ಅನ್ನುವುದಕ್ಕೂ ಇದೇ ದೊಡ್ಡ ಕಾರಣ. ಅಮೆರಿಕದಲ್ಲಿ ಪಶುವೈದ್ಯರು ಒಂದು ಲೆಕ್ಕ ತೆಗೆದಿದ್ದಾರೆ. 2002ರಿಂದ 2012ರ ತನಕ ಅಲ್ಲಿನ ಪ್ರಾಣಿವಿಷ ಕೇಂದ್ರಕ್ಕೆ ಬಂದ ಕರೆಗಳಲ್ಲಿ, ಶುದ್ಧ ಟೀ ಟ್ರೀ ಎಣ್ಣೆ ತಾಗಿದ ನಾಯಿ ಬೆಕ್ಕುಗಳು 443. ಹತ್ತರಲ್ಲಿ ಸುಮಾರು ಒಂಬತ್ತು ಸಲ ಅದು ಅಕಸ್ಮಾತ್ ತಾಗಿದ್ದಲ್ಲ, ಮನೆಯವರೇ ಬಳಸಿದ್ದು. ಎರಡರಿಂದ ಹನ್ನೆರಡು ಗಂಟೆಯೊಳಗೆ ಜೊಲ್ಲು, ತೂರಾಟ, ನಡುಕ. ಕೆಲವಕ್ಕೆ 72 ಗಂಟೆ ತನಕ. ಓದುವಾಗ ಚಿನ್ನಿಯ ಮೂರು ದಿನವೇ ಕಣ್ಮುಂದೆ ಬಂತು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ನನ್ನ ಪ್ರಕಾರ "ಎಷ್ಟು ಹನಿ" ಅನ್ನುವ ಪ್ರಶ್ನೆಯೇ ಸರಿಯಿಲ್ಲ.

ಲೆಕ್ಕ ನೋಡಿ. ಸುಮಾರು ಇಪ್ಪತ್ತು ಹನಿ ಸೇರಿದರೆ ಒಂದು ಎಂಎಲ್. ಹತ್ತು ಲೀಟರ್ ಬಕೆಟ್‌ಗೆ ಇಪ್ಪತ್ತು ಹನಿ ಅಂದರೆ ಶೇಕಡಾ 0.01. ಈ ಎಣ್ಣೆ ಕ್ರಿಮಿ ಕೊಲ್ಲುತ್ತೆ ಅನ್ನುವುದು ಸುಳ್ಳಲ್ಲ, ಲ್ಯಾಬ್‌ನಲ್ಲಿ ಕೊಲ್ಲುತ್ತೆ. ಅದರಲ್ಲಿರುವ ಟರ್ಪಿನೆನ್-4-ಆಲ್ ಅನ್ನುವ ಅಂಶದ ಕೆಲಸ ಅದು. ಆದರೆ ಬಹಳಷ್ಟು ಬ್ಯಾಕ್ಟೀರಿಯಾಗಳಿಗೆ ಶೇಕಡಾ ಅರ್ಧ, ಒಂದರ ಆಸುಪಾಸು ಬೇಕು. ನಿಮ್ಮ ಬಕೆಟ್‌ಗೆ ಶೇಕಡಾ ಒಂದು ಅಂದರೆ ನೂರು ಎಂಎಲ್, ನನ್ನ ಹತ್ತಿರ ಇದ್ದಂಥ ಏಳು ಬಾಟಲಿ ಹತ್ತಿರ. ಹನಿ ಲೆಕ್ಕದಲ್ಲಿ ಹಾಕಿದರೆ ಘಮ ಬರುತ್ತೆ, ಕೆಲಸ ಆಗುವುದಿಲ್ಲ. ಕೆಲಸ ಆಗುವಷ್ಟು ಹಾಕಿದರೆ ಬೆಕ್ಕು ಉಳಿಯುವುದಿಲ್ಲ. ಎರಡರ ಮಧ್ಯೆ ಸರಿಯಾದ ಹನಿ ಅಂತ ಒಂದು ಇಲ್ಲ.

ನೈಸರ್ಗಿಕ ಅಲ್ವಾ ಅಂತಲೂ ಬರೆದಿದ್ದೀರಿ. ನಾವು ಕುಡಿಯುವ ಚಹಾ ಗಿಡಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಇದು ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ಉತ್ತರ ಭಾಗದ ಜೌಗು ನೆಲದ ಮರ, ಮೆಲಲ್ಯೂಕಾ ಆಲ್ಟರ್ನಿಫೋಲಿಯಾ. ನಮ್ಮ ನೇರಳೆ, ಸೀಬೆ, ಲವಂಗ, ನೀಲಗಿರಿ ಎಲ್ಲ ಅದೇ ಕುಟುಂಬ. ಅಲ್ಲಿನ ಬಂಜಲಂಗ್ ಮೂಲನಿವಾಸಿಗಳು ಎಲೆಯನ್ನು ಜಜ್ಜಿ ಗಾಯಕ್ಕೆ ಹಚ್ಚುತ್ತಿದ್ದರು. ಎಲೆ ಜಜ್ಜಿ ಹಚ್ಚುವುದು ಬೇರೆ, ರಾಶಿ ಎಲೆಯನ್ನು ಹಬೆಯಲ್ಲಿ ಬಟ್ಟಿ ಇಳಿಸಿ ಸಣ್ಣ ಬಾಟಲಿಗೆ ತುಂಬುವುದು ಬೇರೆ. ಎಲೆ ಗಿಡದ್ದೇ ಇರಬಹುದು, ಬಾಟಲಿಯಲ್ಲಿರುವುದು ಗಟ್ಟಿ ರಾಸಾಯನಿಕವೇ.

ಮಗುವಿನ ವಿಷಯಕ್ಕೂ ಇದೇ ಮಾತು. ಅಂಬೆಗಾಲಿಡುವ ಮಗುವಿನ ಅಂಗೈ ನೆಲಕ್ಕೆ, ನೆಲದಿಂದ ಬಾಯಿಗೆ. ಬಾಟಲಿಯನ್ನಂತೂ ಕೈಗೆ ಸಿಗದ ಕಡೆ ಇಡಿ. ಎರಡು ಚಮಚಕ್ಕಿಂತ ಕಡಿಮೆ ಕುಡಿದು ಮಂಪರು ಬಂದ, ನಡೆಯಲಾಗದೆ ತೂರಾಡಿದ ಮಕ್ಕಳಿದ್ದಾರೆ. ಎಣ್ಣೆಯನ್ನು ಸಣ್ಣ ಹನಿಗಳಾಗಿ ಗಾಳಿಗೆ ಬಿಡುವ ಡಿಫ್ಯೂಸರ್‌ನಲ್ಲಿ ಹಾಕುವ ಯೋಚನೆಯನ್ನೂ ಬಿಡಿ. ಆ ಸಣ್ಣ ಹನಿಗಳು ಕೊನೆಗೆ ಬೆಕ್ಕಿನ ರೋಮದ ಮೇಲೇ ಕೂರುವುದು.

ಬೂಸ್ಟಿಗೆ ಏನು ಮಾಡಬೇಕು ಹಾಗಾದರೆ? ಬೂಸ್ಟು ತೇವದ ಕಾಯಿಲೆ. ತೇವ ಹೋಗದೆ ಯಾವ ಎಣ್ಣೆಯಿಂದಲೂ ಹೋಗುವುದಿಲ್ಲ. ಬೀರುವನ್ನು ಗೋಡೆಯಿಂದ ಒಂದು ಗೇಣು ಮುಂದೆ ಎಳೆಯಿರಿ. ನಮ್ಮ ಮನೆಯಲ್ಲಿ ಅರ್ಧ ಸಮಸ್ಯೆ ಹೋಗಿದ್ದು ಇಷ್ಟರಿಂದಲೇ. ಗೋಡೆಯನ್ನು ಸೋಪಿನ ನೀರಿನಲ್ಲಿ ಉಜ್ಜಿ, ಒಣ ಬಟ್ಟೆಯಲ್ಲಿ ಒರೆಸಿ, ಟೇಬಲ್ ಫ್ಯಾನ್ ತಿರುಗಿಸಿ ಇಡಿ. ಉಜ್ಜುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಮಗು ಬೇರೆ ಕೋಣೆಯಲ್ಲಿರಲಿ. ಒದ್ದೆ ಬಟ್ಟೆ ಆ ಕೋಣೆಯಲ್ಲಿ ಒಣಹಾಕಬೇಡಿ. ಮಳೆ ಬಿಟ್ಟ ಅರ್ಧ ಗಂಟೆಗಾದರೂ ಎದುರುಬದುರು ಕಿಟಕಿ ತೆಗೆಯಿರಿ. ಆದರೂ ಅದೇ ಜಾಗದಲ್ಲಿ ಮತ್ತೆ ಮತ್ತೆ ಬಂದರೆ ಹೊರಗಿನಿಂದ ನೀರು ಇಳಿಯುತ್ತಿದೆ ಅಂತ. ನಮ್ಮದು ಒಡೆದ ಹೆಂಚು. ಬದಲಾಯಿಸಿದ ಮೇಲೆ ಆ ಮೂಲೆ ಹಸಿರಾಗಿಲ್ಲ.

ಎಣ್ಣೆ ಬದಲು ನುಸಿಗುಳಿಗೆ ಇಡೋಣ ಅಂತ ಮಾತ್ರ ಹೋಗಬೇಡಿ. ಅದರಲ್ಲಿರುವ ನ್ಯಾಫ್ತಲೀನ್ ಬೆಕ್ಕಿಗೂ ಆಗದು, ಕೆಲವು ಮಕ್ಕಳ ರಕ್ತಕ್ಕಂತೂ ಬಹಳ ಅಪಾಯ.

ನೆಲಕ್ಕೆ ನಾನು ಈಗ ಹಾಕುವುದು ಅರ್ಧ ಬಕೆಟ್ ಬಿಸಿನೀರು, ಒಂದು ಚಮಚ ಪಾತ್ರೆ ತೊಳೆಯುವ ಲಿಕ್ವಿಡ್, ಆಮೇಲೆ ಒಂದು ಸಲ ಬರೀ ನೀರು. ಅಷ್ಟೇ. ಘಮ ಇರುವುದಿಲ್ಲ. ಘಮ ಬಂದರೇ ಚೊಕ್ಕಟ ಅನ್ನುವ ಅಭ್ಯಾಸ ಬಿಡಲು ನನಗೆ ಒಂದು ತಿಂಗಳು ಬೇಕಾಯಿತು.

ಬೆಕ್ಕೂ ಮಗುವೂ ಇಲ್ಲದ ಮನೆಯವರು ಇದನ್ನು ಓದುತ್ತಿದ್ದರೆ, ಬಾತ್‌ರೂಮ್ ಟೈಲ್ಸ್ ಸಂದಿಗೆ ಬೇಕಾದರೆ ಬಳಸಿ. ಮೊದಲು ಎಣ್ಣೆಯನ್ನು ಲಿಕ್ವಿಡ್ ಸೋಪಿನಲ್ಲಿ ಕದಡಿ, ಆಮೇಲೆ ನೀರು ಸೇರಿಸಿ. ಗಾಜಿನ ಬಾಟಲಿಯಲ್ಲೇ ಇಡಿ, ಪ್ಲಾಸ್ಟಿಕ್ಕನ್ನು, ಡ್ರಾಪರ್‌ನ ರಬ್ಬರನ್ನು ಮೆತ್ತಗೆ ಮಾಡಿಬಿಡುತ್ತೆ. ತೆರೆದು ವರ್ಷವಾದ ಬಾಟಲಿಯನ್ನು ಕೈಗೆ ತಾಗಿಸಿಕೊಳ್ಳಬೇಡಿ. ಗಾಳಿ, ಬೆಳಕಿಗೆ ಕೆಟ್ಟ ಎಣ್ಣೆಯಿಂದ ಚರ್ಮ ಕೆಂಪಗೆ ದದ್ದಾಗುವುದು ಜಾಸ್ತಿ.

ನೀವು ಈಗಾಗಲೇ ಎರಡು ಸಲ ಒರೆಸಿದ್ದೀರಿ. ಇವತ್ತೇ ಸೋಪಿನ ನೀರಿನಲ್ಲಿ ಇನ್ನೊಮ್ಮೆ ಒರೆಸಿ, ಆ ಒರೆಸುವ ಬಟ್ಟೆಯನ್ನು ಎಸೆದುಬಿಡಿ. ಬೆಕ್ಕಿನ ಅಂಗಾಲು ಮೂಸಿ ನೋಡಿ. ಆ ವಾಸನೆ ಇದ್ದರೆ ಬೆಚ್ಚಗಿನ ನೀರು, ಎರಡು ಹನಿ ಪಾತ್ರೆ ಲಿಕ್ವಿಡ್ ಹಾಕಿ ತೊಳೆದು ಒರೆಸಿ. ಜೊಲ್ಲು, ನಡುಕ, ಹಿಂದಿನ ಕಾಲು ವಾಲುವುದು ಕಂಡರೆ ಬೆಳಗಾಗಲಿ ಅಂತ ಕಾಯಬೇಡಿ. ಎಣ್ಣೆಯ ಬಾಟಲಿಯನ್ನೂ ಜೊತೆಗೆ ತೆಗೆದುಕೊಂಡು ಹೋಗಿ, ಡಾಕ್ಟರಿಗೆ ತೋರಿಸಿ.

ನಿಮ್ಮ ಬೆಕ್ಕು ಹೇಗಿದೆ ಅಂತ ಒಂದು ಸಾಲು ಬರೆಯಿರಿ, ನೋಡುತ್ತಿರುತ್ತೇನೆ.