ಆರೋಗ್ಯ ಪ್ರಶ್ನೋತ್ತರ: ಅಮ್ಮನಿಗೆ ಕಾಯಿಲೆಯ ಹೆಸರು ಹೇಳಬೇಕೇ?

ಪ್ರಶ್ನೆ: ನನ್ನ ತಾಯಿಗೆ 58 ವರ್ಷ. ಸ್ತನ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಯಾಗಿ, ಈಗ ಬೆಂಗಳೂರಿನಲ್ಲಿ ಮೂರು ವಾರಕ್ಕೊಮ್ಮೆ ಕೀಮೋಥೆರಪಿ ನಡೆಯುತ್ತಿದೆ. ‘ಗಂಟು ಇತ್ತು, ತೆಗೆದಾಯಿತು, ಈಗ ಶಕ್ತಿಗೆ ಡ್ರಿಪ್ ಹಾಕುತ್ತಿದ್ದಾರೆ’ ಎಂದಷ್ಟೇ ಅವರಿಗೆ ಹೇಳಿದ್ದೇವೆ. ನಿಜ ತಿಳಿದರೆ ಕುಸಿದುಹೋಗುತ್ತಾರೆ ಎಂಬುದು ಮನೆಯವರ ಭಯ. ಆದರೆ ಅವರ ಮಾತೂ ಊಟವೂ ದಿನೇದಿನೇ ಕಡಿಮೆಯಾಗುತ್ತಿವೆ. ನನಗೂ ನಿದ್ದೆಯಿಲ್ಲ. ಏನು ಮಾಡಲಿ?
– ಓದುಗಿ, ಹಾಸನ ಜಿಲ್ಲೆ

ಉತ್ತರ: ನಿಮ್ಮ ತಾಯಿಗೆ ಬಹುಮಟ್ಟಿಗೆ ಎಲ್ಲವೂ ಗೊತ್ತಿರುತ್ತದೆ. 1973ರಲ್ಲಿ ಆರಂಭವಾದ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯ ಹೆಸರು ನಮ್ಮ ಹಳ್ಳಿಗಳಲ್ಲಿ ಕಾಯಿಲೆಯ ಹೆಸರಿನಂತೆಯೇ ಬಳಕೆಯಾಗುತ್ತದೆ. ‘ಕಿದ್ವಾಯಿಗೆ ಕರೆದುಕೊಂಡು ಹೋಗಿದ್ದಾರಂತೆ’ ಎಂದರೆ ಕೇಳಿದವರಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ. ಆಸ್ಪತ್ರೆ ಯಾವುದೇ ಇರಲಿ, ಬಾಗಿಲಿನ ಫಲಕ, ಪಕ್ಕದ ಹಾಸಿಗೆಯವರ ಮಾತು, ಬಾಚಣಿಗೆಯಲ್ಲಿ ಉಳಿಯುವ ಕೂದಲು ಇವೆಲ್ಲ ನೀವು ಹೇಳದಿದ್ದುದನ್ನು ಹೇಳುತ್ತಲೇ ಇರುತ್ತವೆ. ಕೆಲವು ವರ್ಷಗಳ ಹಿಂದೆ ಒಬ್ಬ ತಾಯಿ, ಮಗ ಔಷಧಿ ತರಲು ಹೊರಗೆ ಹೋದ ಕೂಡಲೇ, ನನ್ನ ಕೈ ಹಿಡಿದು, ‘ನನಗೆ ಗೊತ್ತಾಗಿದೆ ಅಂತ ಮಕ್ಕಳಿಗೆ ಹೇಳ್ಬೇಡಿ ಡಾಕ್ಟ್ರೇ, ಪಾಪ, ಹೆದರ್ಕೊತಾರೆ’ ಎಂದಿದ್ದರು. ಅರ್ಧ ಗಂಟೆ ಮೊದಲು ಅದೇ ಮಾತನ್ನು ಆ ಮಗ ತಾಯಿಯ ಬಗ್ಗೆ ಹೇಳಿದ್ದ. ಒಂದೇ ಕೋಣೆಯಲ್ಲಿದ್ದ ಇಬ್ಬರೂ ಒಬ್ಬರಿಂದೊಬ್ಬರು ಅಡಗಿಸಿಕೊಂಡು ಬೇರೆ ಬೇರೆಯಾಗಿ ಅಳುತ್ತಿದ್ದರು.

ಹಾಗೆಂದು ಎಲ್ಲವನ್ನೂ ಒಮ್ಮೆಗೇ ಅವರ ಮುಂದೆ ಸುರಿಯಬೇಕೆಂದು ನಾನು ಹೇಳುತ್ತಿಲ್ಲ. ಹೇಳುವುದಕ್ಕಿಂತ ಮೊದಲು ಕೇಳಬೇಕು. ಡ್ರಿಪ್ ಹಾಕಿಸಿಕೊಂಡು ಬಂದ ಮೊದಲ ಕೆಲವು ದಿನ ವಾಂತಿ, ಸುಸ್ತು ಇರುವುದರಿಂದ ಆಗ ಬೇಡ. ಮುಂದಿನ ಸರದಿಗೆ ಮುಂಚಿನ ವಾರ ಅವರು ಸ್ವಲ್ಪ ಚೇತರಿಸಿಕೊಂಡಿರುತ್ತಾರೆ. ಮನೆಯಲ್ಲಿ ನೆಂಟರಿಲ್ಲದ ಹೊತ್ತು ನೋಡಿ, ‘ಅಮ್ಮಾ, ನಿನಗೆ ಏನಾಗಿದೆ ಅಂತ ಅನ್ನಿಸುತ್ತೆ? ಡಾಕ್ಟರನ್ನು ಏನಾದರೂ ಕೇಳಬೇಕಾ?’ ಎಂದು ಕೇಳಿ, ಸುಮ್ಮನೆ ಕುಳಿತುಕೊಳ್ಳಿ. ಆ ಮೌನವನ್ನು ಧೈರ್ಯದ ಮಾತುಗಳಿಂದ ತುಂಬುವ ಆತುರ ಬೇಡ. ‘ಅದೆಲ್ಲ ನೀವೇ ನೋಡಿಕೊಳ್ಳಿ’ ಎಂದರೆ ಅದೂ ಅವರ ತೀರ್ಮಾನವೇ, ಅದನ್ನು ಗೌರವಿಸಿ. ಕ್ಯಾನ್ಸರಾ ಎಂದು ಅವರೇ ಕೇಳಿದರೆ ಮಾತ್ರ ಇಲ್ಲ ಎನ್ನಬೇಡಿ.

ನಿಜ ತಿಳಿದಿರಲು ಇನ್ನೊಂದು ಕಾರಣವಿದೆ, ಅದು ಪ್ರಾಣಕ್ಕೆ ಸಂಬಂಧಿಸಿದ್ದು. ಕೀಮೋ ಆದ ಸುಮಾರು 7ರಿಂದ 14 ದಿನಗಳ ನಡುವೆ, ಸೋಂಕಿನ ವಿರುದ್ಧ ಹೋರಾಡುವ ರಕ್ತದ ಬಿಳಿಕಣಗಳು ತೀರ ಕಡಿಮೆಯಾಗುತ್ತವೆ. ಆಗ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ, ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಕರೆದೊಯ್ಯಬೇಕು. ಶಕ್ತಿಗೆ ಡ್ರಿಪ್ ಎಂದು ನಂಬಿದವರು ಮಾಮೂಲಿ ಜ್ವರವೆಂದುಕೊಂಡು ಮಾತ್ರೆ ನುಂಗಿ ಹೊದ್ದು ಮಲಗುತ್ತಾರೆ. ಕೆಂಪು ಬಣ್ಣದ ಔಷಧಿ ಹಾಕುತ್ತಿದ್ದರೆ ಒಂದೆರಡು ದಿನ ಮೂತ್ರ ಕೆಂಪಾಗುವುದುಂಟು. ಮೊದಲೇ ಹೇಳದಿದ್ದರೆ ರಕ್ತವೆಂದು ಹೆದರುತ್ತಾರೆ.

ಊಟ ಸೇರದಿರುವುದಕ್ಕೆ ಮನಸ್ಸಷ್ಟೇ ಕಾರಣವಲ್ಲ. ಬಾಯಿಹುಣ್ಣು ಇದೆಯೇ ಎಂದು ಟಾರ್ಚ್ ಹಿಡಿದು ನೋಡಿ. ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಕಾಲು ಚಮಚ ಉಪ್ಪು, ಕಾಲು ಚಮಚ ಅಡುಗೆ ಸೋಡಾ ಬೆರೆಸಿ ದಿನಕ್ಕೆ ನಾಲ್ಕೈದು ಸಲ ಮುಕ್ಕಳಿಸಲಿ. ತಟ್ಟೆ ತುಂಬ ಬಡಿಸಿದರೆ ನೋಡಿಯೇ ವಾಕರಿಕೆ ಬರುತ್ತದೆ. ರಾಗಿ ಅಂಬಲಿ, ತೊವ್ವೆ ಅನ್ನ, ಮೆತ್ತಗಿನ ಇಡ್ಲಿ, ತಿನ್ನುವವರಾದರೆ ಚೆನ್ನಾಗಿ ಬೇಯಿಸಿದ ಮೊಟ್ಟೆ, ಇವನ್ನು ಎರಡೆರಡು ಗಂಟೆಗೆ ಸ್ವಲ್ಪಸ್ವಲ್ಪ ಕೊಡಿ. ಬಿಳಿಕಣ ಕಡಿಮೆಯಿರುವ ದಿನಗಳಲ್ಲಿ ಕೋಸಂಬರಿ, ಹಸಿ ಚಟ್ನಿ, ಹೊರಗಿನ ಮಜ್ಜಿಗೆ ಬೇಡ. ಲಕ್ಷ್ಮಣಫಲದ ಕಷಾಯದಿಂದ ಕ್ಯಾನ್ಸರ್ ಗುಣವಾಗುತ್ತದೆ ಎಂದು ನೋಡಲು ಬಂದವರು ಹೇಳದೆ ಇರುವುದಿಲ್ಲ. ಹಾಗೆಂದು ತೋರಿಸಿದ ಪುರಾವೆ ಇಲ್ಲ. ಚಿಕಿತ್ಸೆಯ ನಡುವೆ ಯಾವ ಕಷಾಯವನ್ನೂ ವೈದ್ಯರಿಗೆ ತಿಳಿಸದೆ ಕೊಡಬೇಡಿ.

ಇನ್ನು ನಿಮ್ಮ ನಿದ್ದೆ. ವಾರಕ್ಕೆ ಎರಡು ರಾತ್ರಿಯಾದರೂ ಅಣ್ಣನೋ ಅತ್ತಿಗೆಯೋ ಅಮ್ಮನ ಪಕ್ಕದಲ್ಲಿ ಮಲಗಲಿ. ಹೆಣ್ಣುಮಗಳೇ ಎಲ್ಲವನ್ನೂ ನೋಡಿಕೊಳ್ಳಬೇಕೆಂಬ ನಿಯಮ ಎಲ್ಲಿಯೂ ಇಲ್ಲ. ಮಾತನಾಡಲು ಯಾರೂ ಇಲ್ಲವೆನಿಸಿದರೆ, 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳು ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಪ್ರಶ್ನೆ: ನಮ್ಮ ಅತ್ತೆಗೆ ಕ್ಯಾನ್ಸರ್ ಬಂದ ಮೇಲೆ ತಟ್ಟೆ, ಲೋಟ ಬೇರೆ ಇಟ್ಟಿದ್ದಾರೆ. ಇದು ಅಗತ್ಯವೇ?
– ಓದುಗಿ, ಮಂಗಳೂರು

ಉತ್ತರ: ಇಲ್ಲ. ಕ್ಯಾನ್ಸರ್ ಎಂಜಲಿನಿಂದಾಗಲಿ, ಜೊತೆಯಲ್ಲಿ ಉಣ್ಣುವುದರಿಂದಾಗಲಿ ಅಂಟುವ ಕಾಯಿಲೆಯಲ್ಲ. ಕೀಮೋ ಆದ 48 ಗಂಟೆ ಶೌಚಾಲಯಕ್ಕೆ ಚೆನ್ನಾಗಿ ನೀರು ಹಾಕಿ, ವಾಂತಿಯನ್ನು ಸ್ವಚ್ಛ ಮಾಡುವವರು ಕೈಗವಸು ಹಾಕಿಕೊಂಡರೆ ಸಾಕು. ಆ ತಟ್ಟೆಯನ್ನು ಇವತ್ತೇ ಉಳಿದ ತಟ್ಟೆಗಳ ಜೊತೆ ಸೇರಿಸಿಬಿಡಿ.

ಪ್ರಶ್ನೆ: ಬಾಯಿ ಕ್ಯಾನ್ಸರ್ ಉಲ್ಬಣಿಸಿರುವ ತಂದೆಯವರಿಗೆ ವೈದ್ಯರು ಮಾರ್ಫಿನ್ ಮಾತ್ರೆ ಬರೆದುಕೊಟ್ಟಿದ್ದಾರೆ. ಚಟವಾಗುತ್ತದೆಂದು ಅಣ್ಣ, ನೋವು ತಡೆಯಲಾರದಾಗ ಮಾತ್ರ ಕೊಡುತ್ತಾನೆ. ಸರಿಯೇ?
– ಓದುಗ, ಹುಬ್ಬಳ್ಳಿ

ಉತ್ತರ: ನಿಮ್ಮ ಅಣ್ಣನ ಕಾಳಜಿ ಅರ್ಥವಾಗುತ್ತದೆ, ಆದರೆ ಕ್ರಮ ತಪ್ಪು. ಸಾಮಾನ್ಯ ಮಾರ್ಫಿನ್ ಮಾತ್ರೆಯ ಪರಿಣಾಮ ಸುಮಾರು ನಾಲ್ಕು ಗಂಟೆ ಇರುತ್ತದೆ. ಆದ್ದರಿಂದ ನೋವು ತಲೆಯೆತ್ತುವುದಕ್ಕೆ ಮೊದಲೇ, ವೈದ್ಯರು ಬರೆದ ಹೊತ್ತಿಗೆ ಸರಿಯಾಗಿ ಕೊಡಬೇಕು. ವೈದ್ಯರ ನಿಗಾದಲ್ಲಿ ನೋವಿಗಾಗಿ ತೆಗೆದುಕೊಳ್ಳುವವರಲ್ಲಿ ಚಟ ಅಪರೂಪ. ಮಲಬದ್ಧತೆ ಮಾತ್ರ ಬಹುಮಟ್ಟಿಗೆ ಖಚಿತ, ಅದಕ್ಕೆ ಮೊದಲ ದಿನದಿಂದಲೇ ಔಷಧಿ ಕೇಳಿ. ಆರಂಭದ ಕೆಲವು ದಿನ ಮಂಪರು ಬರಬಹುದು. ಎಬ್ಬಿಸಿದರೂ ಏಳದಷ್ಟು ಮಂಪರಾದರೆ ಅಥವಾ ಉಸಿರು ನಿಧಾನವಾದರೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ. ನೀವಾಗಿಯೇ ಹಠಾತ್ತನೆ ನಿಲ್ಲಿಸಬೇಡಿ. ಮನೆಯಲ್ಲಿ ನಿಭಾಯಿಸಲಾಗದ ಹಂತ ಬಂದರೆ, ಬೆಂಗಳೂರಿನಲ್ಲಿ 1999ರಿಂದ ನಡೆಯುತ್ತಿರುವ ಕರುಣಾಶ್ರಯದಂಥ ಕಡೆ ಶುಲ್ಕವಿಲ್ಲದೆ ಆರೈಕೆ ದೊರೆಯುತ್ತದೆ.

ಮಾತನಾಡಲು ಕಷ್ಟವಾಗುತ್ತಿರುವ ತಂದೆಯವರ ಕೈಗೆ ಒಂದು ಸ್ಲೇಟು, ಬಳಪ ಕೊಡಿ. ನೋವು ಎಷ್ಟಿದೆ ಎಂದು ಸೊನ್ನೆಯಿಂದ ಹತ್ತರೊಳಗೆ ಅವರೇ ಬರೆದು ತೋರಿಸಲಿ, ಅದನ್ನು ಹೊತ್ತಿನ ಸಮೇತ ಪುಸ್ತಕದಲ್ಲಿ ಗುರುತು ಹಾಕಿಕೊಂಡು ಮುಂದಿನ ಭೇಟಿಯಲ್ಲಿ ವೈದ್ಯರಿಗೆ ತೋರಿಸಿದರೆ ಮಾತ್ರೆಯ ಪ್ರಮಾಣವನ್ನು ಸರಿಪಡಿಸುತ್ತಾರೆ. ಸ್ಲೇಟಿನ ಇನ್ನೊಂದು ಬದಿ ಖಾಲಿಯಿರಲಿ. ನೋವು ಇಳಿದ ಮೇಲೆ ಅವರಿಗೆ ಬೇರೆ ಏನಾದರೂ ಬರೆಯುವುದಿರುತ್ತದೆ.