ಗುರುತಿನ ಚೀಟಿಯ ಪ್ರತಿಗೆ ವಾಟರ್‌ಮಾರ್ಕ್: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಬಾಡಿಗೆ ಮನೆಯೊಂದಕ್ಕಾಗಿ ಪಾಸ್‌ಪೋರ್ಟ್‌ನ ಪ್ರತಿಯನ್ನು ಇಮೇಲ್‌ನಲ್ಲಿ ಕಳುಹಿಸಬೇಕಾಗಿದೆ. ಅದು ದುರ್ಬಳಕೆಯಾಗದಿರಲೆಂದು ವಾಟರ್‌ಮಾರ್ಕ್ (ಪ್ರತಿಯ ಮೇಲೆ ಅರೆಪಾರದರ್ಶಕವಾಗಿ ಮೂಡಿಸುವ ಬರಹ) ಹಾಕಲು ಹೊರಟರೆ, ಸಿಗುವ ಜಾಲತಾಣಗಳೆಲ್ಲ ಮೊದಲು ಪಾಸ್‌ಪೋರ್ಟನ್ನೇ ಅಪ್‌ಲೋಡ್ ಮಾಡಿ ಎನ್ನುತ್ತವೆ. ಯಾವುದನ್ನು ನಂಬುವುದು?

ಉತ್ತರ: ನಿಮ್ಮ ಅನುಮಾನ ನ್ಯಾಯವಾದದ್ದೇ. ಯಾವ ಗುರುತೂ ಇಲ್ಲದ ಶುದ್ಧ ಪ್ರತಿಯನ್ನು ಅಪರಿಚಿತ ಸರ್ವರಿಗೆ ಒಪ್ಪಿಸಿ, ಅಲ್ಲಿಂದ ವಾಟರ್‌ಮಾರ್ಕ್ ಹಾಕಿಸಿಕೊಂಡು ಬರುವುದೆಂದರೆ ಕಳ್ಳನ ಕೈಗೇ ಕೀಲಿಕೈ ಕೊಟ್ಟಂತೆ. ಆದ್ದರಿಂದ ಅಕ್ಷರಗಳು ಎಷ್ಟು ಅಂದವಾಗಿ ಮೂಡುತ್ತವೆ ಎಂಬುದಕ್ಕಿಂತ, ಕಡತವು ನಿಮ್ಮ ಫೋನ್ ಅಥವಾ ಕಂಪ್ಯೂಟರನ್ನು ಬಿಟ್ಟು ಹೊರಗೆ ಹೋಗುತ್ತದೆಯೇ ಎಂಬುದನ್ನು ಮೊದಲು ನೋಡಬೇಕು.

ಕೆಲವು ಜಾಲತಾಣಗಳು ಇಡೀ ಕೆಲಸವನ್ನು ಬ್ರೌಸರ್‌ನ ಒಳಗೇ, ಜಾವಾಸ್ಕ್ರಿಪ್ಟ್ ಎಂಬ ಪ್ರೋಗ್ರಾಂ ಭಾಷೆಯ ಮೂಲಕ ಮಾಡಿ ಮುಗಿಸುತ್ತವೆ. ಇದನ್ನು ನೀವೇ ಪರೀಕ್ಷಿಸಬಹುದು. ಬ್ರೌಸರ್‌ನ ಖಾಸಗಿ (ಇನ್‌ಕಾಗ್ನಿಟೊ) ವಿಂಡೋದಲ್ಲಿ ಪುಟವನ್ನು ತೆರೆದು, ಅದು ಪೂರ್ತಿ ಮೂಡಿದ ಮೇಲೆ ಇಂಟರ್ನೆಟ್ ಸಂಪರ್ಕವನ್ನು ಕಡಿದು, ಬೇರೆ ಯಾವುದಾದರೂ ಚಿತ್ರವನ್ನು ಆರಿಸಿ. ವಾಟರ್‌ಮಾರ್ಕ್ ಮೂಡಿ ಕಡತ ಡೌನ್‌ಲೋಡ್ ಆದರೆ ಕೆಲಸ ನಿಮ್ಮ ಯಂತ್ರದಲ್ಲೇ ನಡೆಯಿತೆಂದು ಅರ್ಥ. ಪಾಸ್‌ಪೋರ್ಟನ್ನೂ ಹೀಗೆ ಸಂಪರ್ಕ ಕಡಿದೇ ಸಿದ್ಧಪಡಿಸಿ, ಆ ವಿಂಡೋವನ್ನು ಮುಚ್ಚಿದ ನಂತರವೇ ಸಂಪರ್ಕವನ್ನು ಮತ್ತೆ ಕೊಡಿ. ಇಷ್ಟೆಲ್ಲ ಗೊಡವೆ ಬೇಡವೆಂದರೆ, ಉಚಿತವಾಗಿ ಸಿಗುವ ಜಿಂಪ್‌ನಂತಹ ತಂತ್ರಾಂಶದಲ್ಲಿ ಇಂಟರ್ನೆಟ್ ಇಲ್ಲದೆಯೇ ಚಿತ್ರದ ಮೇಲೆ ಬರೆಯಬಹುದು. ಫೋನ್‌ನಲ್ಲಿ ಮಾಡುವವರು ಮಾತ್ರ, ಕ್ಯಾಮೆರಾದಲ್ಲಿ ತೆಗೆದ ಮೂಲ ಚಿತ್ರವು ತಾನಾಗಿಯೇ ಕ್ಲೌಡ್‌ಗೆ ಹೋಗುವ ವ್ಯವಸ್ಥೆ ಚಾಲೂ ಇದೆಯೇ ಎಂದು ನೋಡಿಕೊಳ್ಳಬೇಕು; ಹೆಚ್ಚಿನವರು ಎಡವುವುದು ಅಲ್ಲೇ.

ಸರ್ಕಾರಗಳೂ ಇಂತಹ ಸಾಧನಗಳನ್ನು ಒದಗಿಸಿರುವುದುಂಟು. ನೆದರ್‌ಲ್ಯಾಂಡ್ಸ್‌ನ ಕೋಪಿ-ಐಡಿ ಆ್ಯಪ್‌ನಲ್ಲಿ ನಾಗರಿಕ ಸಂಖ್ಯೆಯನ್ನು ಹೊಡೆದುಹಾಕಿ, ಪ್ರತಿಯ ಉದ್ದೇಶ ಮತ್ತು ದಿನಾಂಕವನ್ನು ಮೇಲೆ ಬರೆಯಬಹುದು. ಫ್ರಾನ್ಸ್ ಸರ್ಕಾರದ ಫಿಲಿಗ್ರಾನ್ ಫಾಸಿಲ್ ಕೂಡ ಇದೇ ಬಗೆಯ ಸೇವೆ.

ಪ್ರಶ್ನೆ: ಏನೆಂದು ಬರೆಯಬೇಕು, ಎಲ್ಲಿ ಬರೆಯಬೇಕು?

ಉತ್ತರ: ಬರೀ ‘ನಕಲು’ ಎಂದು ಬರೆದರೆ ಪ್ರಯೋಜನವಿಲ್ಲ. ಯಾರಿಗೆ, ಯಾತಕ್ಕೆ, ಯಾವ ದಿನ ಕೊಟ್ಟದ್ದು ಎಂಬ ಮೂರೂ ಇರಲಿ: ‘ಇಂಥವರಿಗೆ, ಮನೆ ಬಾಡಿಗೆಯ ಅರ್ಜಿಗೆ ಮಾತ್ರ’ ಎಂದು ಬರೆದು ದಿನಾಂಕ ಸೇರಿಸಿ. ಮೂಲೆಯಲ್ಲಿ ಬರೆದದ್ದನ್ನು ಕತ್ತರಿಸಿ ತೆಗೆಯುವುದು ಸುಲಭವಾದ್ದರಿಂದ, ಅರೆಪಾರದರ್ಶಕವಾದ ಓರೆ ಸಾಲುಗಳು ಭಾವಚಿತ್ರದ ಮೇಲೂ ಸಂಖ್ಯೆಗಳ ಮೇಲೂ ಹಾದುಹೋಗಬೇಕು, ಆದರೆ ಕೆಳಗಿನ ಅಕ್ಷರಗಳು ಓದಲು ಬರಬೇಕು.

ಒಂದೇ ವಾಟರ್‌ಮಾರ್ಕನ್ನು ಹಲವಾರು ಚಿತ್ರಗಳ ಮೇಲೆ ಹಾಕಿದ್ದರೆ ಅದನ್ನು ಗಣಕವೇ ಅಳಿಸಬಲ್ಲದೆಂದು, ಪ್ರತಿ ಚಿತ್ರಕ್ಕೂ ಅದನ್ನು ಸ್ವಲ್ಪ ಸ್ವಲ್ಪ ತಿರುಚಿದರೆ ಅಳಿಸುವುದು ಕಷ್ಟವೆಂದು ಗೂಗಲ್‌ನ ಸಂಶೋಧಕರು 2017ರಲ್ಲಿ ತೋರಿಸಿದರು. ಇಂದಿನ ಕೃತಕ ಬುದ್ಧಿಮತ್ತೆಯ ಸಾಧನಗಳಿಗೆ ಒಂದೇ ಚಿತ್ರ ಸಿಕ್ಕರೂ ಗುರುತನ್ನು ಒರೆಸುವ ಶಕ್ತಿ ಬಂದಿದೆ. ಹಾಗಾದರೆ ಹಾಕುವುದೇಕೆ ಎಂದು ಕೇಳಬಹುದು. ವಾಟರ್‌ಮಾರ್ಕ್ ಕಳ್ಳನಿಗೆ ಕೆಲಸ ಹೆಚ್ಚಿಸುತ್ತದೆ. ಪ್ರತಿ ಎಲ್ಲಾದರೂ ಸೋರಿದರೆ ಯಾರ ಕೈಯಿಂದ ಸೋರಿತೆಂದು ಹೇಳುತ್ತದೆ. ಅದಕ್ಕಿಂತ ಹೆಚ್ಚಿನ ರಕ್ಷಣೆಯನ್ನು ಅದರಿಂದ ನಿರೀಕ್ಷಿಸಬಾರದು.

ಪಾಸ್‌ಪೋರ್ಟ್ ಪುಟದ ತಳದಲ್ಲಿ ತಲಾ 44 ಅಕ್ಷರಗಳ ಎರಡು ಸಾಲುಗಳಿರುತ್ತವೆ. ಯಂತ್ರ ಓದಲೆಂದು ಇರುವ ಈ ಸಾಲುಗಳಲ್ಲಿ ಹೆಸರು, ಪಾಸ್‌ಪೋರ್ಟ್ ಸಂಖ್ಯೆ, ಜನ್ಮದಿನಾಂಕ, ಅವಧಿ ಮುಗಿಯುವ ದಿನ ಎಲ್ಲವೂ ಇವೆ. ಮೇಲಿನ ಸಂಖ್ಯೆಯನ್ನು ಮುಚ್ಚಿ ಇವನ್ನು ಹಾಗೇ ಬಿಟ್ಟರೆ ಮುಚ್ಚಿದ್ದು ವ್ಯರ್ಥ. ಆದರೆ ಮುಚ್ಚುವ ಮೊದಲು, ಯಾವ ವಿವರ ಬೇಕೆಂದು ಪಡೆಯುವವರನ್ನೇ ಕೇಳಿ. ಬ್ಯಾಂಕಿನಂತಹ ಕಡೆ ಮುಚ್ಚಿದ ಪ್ರತಿಯನ್ನು ತಿರಸ್ಕರಿಸಬಹುದು.

ಪ್ರಶ್ನೆ: ಪಿಡಿಎಫ್‌ನಲ್ಲಿ ನಾನು ಹಾಕಿದ್ದ ವಾಟರ್‌ಮಾರ್ಕನ್ನು ಸ್ನೇಹಿತರೊಬ್ಬರು ಕ್ಷಣದಲ್ಲಿ ತೆಗೆದು ತೋರಿಸಿದರು. ಏಕೆ ಹೀಗೆ?

ಉತ್ತರ: ನಿಮ್ಮ ಬರಹ ಚಿತ್ರದೊಡನೆ ಬೆರೆಯದೆ ಅದರ ಮೇಲೊಂದು ಬೇರೆ ಪದರವಾಗಿ ಕುಳಿತಿತ್ತು. ಪುಟವನ್ನು ಜೆಪೆಗ್ ಚಿತ್ರವಾಗಿ ಉಳಿಸಿ, ಬೇಕಿದ್ದರೆ ಆ ಚಿತ್ರದಿಂದ ಹೊಸ ಪಿಡಿಎಫ್ ಮಾಡಿಕೊಳ್ಳಿ. ಆಗ ಎರಡೂ ಒಂದೇ ಆಗುತ್ತವೆ. ಪಿಡಿಎಫ್‌ನಲ್ಲಿ ಕಪ್ಪು ಪಟ್ಟಿ ಎಳೆದು ಸಂಖ್ಯೆಯನ್ನು ಮುಚ್ಚುವವರಿಗೂ ಇದೇ ಮಾತು: ಪಟ್ಟಿಯ ಮೇಲೆ ಹಾದು ಕಾಪಿ ಮಾಡಿ ಬೇರೆಡೆ ಪೇಸ್ಟ್ ಮಾಡಿದಾಗ ಸಂಖ್ಯೆ ಬಂದರೆ, ಅದು ಕಣ್ಣಿಗಷ್ಟೇ ಮರೆಯಾಗಿದೆ. ಕತ್ತರಿಸಿದ ಚಿತ್ರಗಳನ್ನೂ ಕುರುಡಾಗಿ ನಂಬಬೇಡಿ. ಗೂಗಲ್ ಪಿಕ್ಸೆಲ್ ಫೋನ್‌ಗಳ ಸ್ಕ್ರೀನ್‌ಶಾಟ್ ಸಾಧನದಲ್ಲಿ ಕತ್ತರಿಸಿ ತೆಗೆದ ಭಾಗವು ಕಡತದೊಳಗೆ ಉಳಿದುಬಿಡುತ್ತಿತ್ತೆಂಬುದು 2023ರಲ್ಲಿ ಬಯಲಾಯಿತು.

ಪ್ರಶ್ನೆ: ಈಗಾಗಲೇ ವಾಟರ್‌ಮಾರ್ಕ್ ಇಲ್ಲದೆ ಕಳುಹಿಸಿದ ಪ್ರತಿಗಳ ಗತಿ?

ಉತ್ತರ: ಅವುಗಳಿಗೆ ಈಗ ಗುರುತು ಹಾಕಲಾಗದು. ಕೆಲಸ ಮುಗಿದಿದ್ದರೆ ಅಳಿಸುವಂತೆ ಪಡೆದವರಿಗೆ ಬರಹದಲ್ಲೇ ಕೇಳಿ, ನಿಮ್ಮ ಇಮೇಲ್‌ನ ಕಳುಹಿಸಿದ ಪತ್ರಗಳಲ್ಲಿ ಉಳಿದಿರುವ ಪ್ರತಿಯನ್ನೂ ತೆಗೆದುಹಾಕಿ.